ಬೆಟ್ಟದ ಮಣ್ಣನ್ನೂ ಒಮ್ಮೆ ಕಳಿಸಿ ನೋಡು

ಚಿ. ಸೌ. ಸುಮಾಗೆ ಅಪ್ಪಚ್ಚಿಯ ಆಶೀರ್ವಾದ.

ಇಲ್ಲಿಯ ಸುದ್ದಿಯೆಲ್ಲ ನಿನ್ನಮ್ಮ ಫೋನಲ್ಲಿ ಹೇಳಿರ್ತಾಳೆ, ಅದು ಬಿಡು. ‘ಹಿತ್ತಲ ಹರಿವೆ ಸೊಪ್ಪು ಬೇಯಿಸಿ ಮಗುವಿಗೆ ವಿಷ ಉಣಿಸ್ತಿದ್ದೀನಾ’ ಅಂತ ಬರೆದಿದ್ದೀಯಲ್ಲ, ಆ ಸಾಲು ಓದಿದ ಮೇಲೆ ನಿದ್ದೆ ಹತ್ತಲಿಲ್ಲ.

ಮಣ್ಣು ಪರೀಕ್ಷೆಯ ರಿಪೋರ್ಟಿನಲ್ಲಿ ಕ್ರೋಮಿಯಂ, ತಾಮ್ರ ಎರಡೂ ಜಾಸ್ತಿ ಅಂದರಂತೆ. ಕ್ರೋಮಿಯಂ ಯಾವ ಮಣ್ಣಿಗಿಂತ ಜಾಸ್ತಿ? ಗ್ರಾನೈಟ್ ಕಲ್ಲಲ್ಲಿ ಅದು ಕಿಲೋಗೆ 10–20 ಮಿಲಿಗ್ರಾಂ ಇದ್ದರೆ, ಬಸಾಲ್ಟ್ ಜಾತಿಯ ಕಪ್ಪು ಕಲ್ಲಲ್ಲಿ 200ರ ಹತ್ತಿರ ಇರುತ್ತೆ. ಹಾಸನದ ನುಗ್ಗೇಹಳ್ಳಿ ಕಡೆಯಂತೂ ಕ್ರೋಮೈಟ್ ಗಣಿಯನ್ನೇ ತೋಡಿದ್ದಾರೆ. ನಮ್ಮದು ಜಂಬಿಟ್ಟಿಗೆ ನೆಲ. ಲಕ್ಷಾಂತರ ವರ್ಷದ ಮಳೆ ಸುಣ್ಣ, ಪೊಟ್ಯಾಷ್ ಎಲ್ಲ ತೊಳೆದುಕೊಂಡು ಹೋಗಿ ಕಬ್ಬಿಣ ಉಳಿದಿದೆ. ಕ್ರೋಮಿಯಂ ಅದಕ್ಕೆ ಕಚ್ಚಿಕೊಂಡು ಕೂತಿರುತ್ತೆ. ಅದನ್ನು ಬೇರು ಎಳೆದುಕೊಳ್ಳೋದೇ ಕಷ್ಟ, ಎಲೆಗೆ ಏರೋದು ಇನ್ನೂ ಕಡಿಮೆ. ಮಣ್ಣಿನ ಲೆಕ್ಕವೇ ಸೊಪ್ಪಿನ ಲೆಕ್ಕ ಅಲ್ಲ, ಕೂಸೇ.

ತಾಮ್ರದ ಮಾತು ಬೇರೆ. ಅದರಲ್ಲಿ ನಮ್ಮ ಕೈ ಇದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಕೋಲ್ಮನ್ ಸಾಹೇಬರು 1910ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹಿಡಿಸಿದ್ದು. ಅಲ್ಲಿಂದ ಮಳೆಗಾಲ ಬಂತೆಂದರೆ ಮೈಲುತುತ್ತವೇ, ಅದರಲ್ಲಿರೋದು ತಾಮ್ರವೇ. ನೂರು ಲೀಟರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ನಿನ್ನಪ್ಪ ಚಾಕು ಅದ್ದಿ ನೋಡುತ್ತಿದ್ದ, ಅಲಗು ಕೆಂಪಗಾದರೆ ಇನ್ನಷ್ಟು ಸುಣ್ಣ. ಔಷಧಿ ಹೊಡೆಯಲು ಮರ ಹತ್ತಿದ ಕೊನೆಗೌಡ ಇಳಿದಾಗ ಮೊಣಕೈವರೆಗೂ ನೀಲಿ. ಕೆಳಗೆ ಬಿದ್ದದ್ದು ಎಲ್ಲಿ ಹೋಯಿತು ಅಂತ ನಾವ್ಯಾರೂ ಕೇಳಿದವರಲ್ಲ. ಮೇಲಿನ ಕಾನು ಕಾಡು ಹೋಗುವ ಮುಂಚೆ, ಹೋಲಿಸಿ ನೋಡೋಕೆ ಅಲ್ಲಿಯ ಒಂದು ಡಬ್ಬಿ ಮಣ್ಣಾದರೂ ತೆಗೆದಿಟ್ಟಿದ್ದರೆ ಅಂತ ಈಗ ಅನ್ನಿಸುತ್ತೆ. ಈಗ ಅಲ್ಲಿ ಬರೀ ಅಕೇಶಿಯಾ.

ಮತ್ತೆ ಮಗುವಿನ ಮಾತಿಗೇ ಬರ್ತೀನಿ. ತಾಮ್ರ ಹೆಚ್ಚಾದರೆ ಮೊದಲು ಕಷ್ಟ ಎರೆಹುಳಕ್ಕೆ, ಎಳೆ ಬೇರಿಗೆ. ಹಿತ್ತಲಿಗೆ ಔಷಧಿ ಹೊಡೆದವರೂ ಇಲ್ಲವಲ್ಲ. ಹೀಗಂದ ಮಾತ್ರಕ್ಕೆ ನಿನ್ನ ಹೆದರಿಕೆ ಹೋಗುತ್ತೆ ಅಂತಲ್ಲ.

ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ ಇನ್ನೂ ಇದೆಯಲ್ಲ, ಅಲ್ಲಿ ತುತ್ತ ಬಿದ್ದಿಲ್ಲ. ಆಗೋದಾದರೆ ಅಲ್ಲಿಂದ, ತೋಟದಿಂದ, ಹಿತ್ತಲಿಂದ ಒಂದೇ ಆಳದ ಮಣ್ಣು ತೆಗೆದು ಕಳಿಸು. ಸ್ಟೀಲ್ ಕರಣೆ ಬೇಡ, ಅದರಲ್ಲೇ ಕ್ರೋಮಿಯಂ ಇರುತ್ತೆ. ಬಿದಿರಿನ ಸೀಳು ಸಾಕು. ಕ್ರೋಮಿಯಂ ಮೂರೂ ಕಡೆ ಒಂದೇ ಥರ ಬಂದರೆ ಅದು ಬೆಟ್ಟದ್ದೇ ಸ್ವತ್ತು. ತಾಮ್ರ ತೋಟದಲ್ಲಷ್ಟೇ ಏರಿದ್ದರೆ ಅದು ನಮ್ಮದು. ದುಡ್ಡು ಮಿಕ್ಕಿದರೆ ಒಂದು ಹಿಡಿ ಹರಿವೆಯನ್ನೂ ಪರೀಕ್ಷೆಗೆ ಕೊಡು, ನಿನಗೆ ಸಮಾಧಾನ ಆಗೋದು ಅದರಿಂದಲೇ. ಬಾವಿ ನೀರೂ ಆಗಬಹುದು. ಸೊಪ್ಪಿನ ಮಣ್ಣು ಹೋಗುವಂತೆ ತೊಳಿ, ಮಗುವಿನ ಕೈಯನ್ನೂ. ಇದೆಲ್ಲ ನಿನಗೆ ಗೊತ್ತಿದ್ದದ್ದೇ, ಸುಮ್ನೆ ಬರೆದೆ.

ರಿಪೋರ್ಟಿನ ಜೆರಾಕ್ಸ್ ಕಳಿಸು, ಕನ್ನಡಕ ಹಾಕಿಕೊಂಡು ನಾನೂ ನೋಡ್ತೀನಿ.

ನಿನ್ನ ಅಪ್ಪಚ್ಚಿ