ರೇಸಿನ ದಾರಿಗೆ ಪೊರಕೆಯೂ ಬೇಕು

ಮಾನ್ಯರೇ,

ವಿಜಯಪುರ, ಬಾಗಲಕೋಟೆ ಸೈಕಲ್ ಪಟುಗಳ ತವರು. ಆದರೆ ಇಲ್ಲಿ ಶನಿವಾರ–ಭಾನುವಾರ ರೋಡ್ ರೇಸ್ ಇಡುವವರು ಜನವರಿ ಹೊತ್ತಿಗೆ ರಸ್ತೆಯಲ್ಲೇ ತೊಗರಿ ರಾಶಿ (ಒಕ್ಕಣೆ) ನಡೆಯುತ್ತದೆಂಬುದನ್ನು ನೆನಪಿಡಬೇಕು. ಗಂಟೆಗೆ 40 ಕಿ.ಮೀ. ವೇಗದ ಗುಂಪು ಅರ್ಧ ಸೆಕೆಂಡಿಗೆ ಐದೂವರೆ ಮೀಟರ್ ದಾಟುತ್ತದೆ. ಮುಂದಿನವರ ಗಾಲಿಗೆ ಒಂದಡಿ ಅಂತರದಲ್ಲಿ ತುಳಿಯುವವರಿಗೆ ಹೊಟ್ಟು, ಜಲ್ಲಿ, ಹಂಪು ಯಾವುದೂ ಮೊದಲೇ ಕಾಣದು. ರೈತರನ್ನು ದೂರುವುದು ತಪ್ಪು. ಅವರಿಗೆ ವಾರ ಮೊದಲೇ ತಿಳಿಸಿ, ಬೆಳಿಗ್ಗೆ ತಿರುವುಗಳನ್ನು ಗುಡಿಸಿ, ಹಂಪಿಗೆ 100 ಮೀಟರ್ ಮೊದಲು ಬಾವುಟ ಹಿಡಿದವರನ್ನು ನಿಲ್ಲಿಸಿ.

ತಂಡಗಳಿಗೂ ಒಂದು ಮಾತು. 25 ಮಿ.ಮೀ. ಟೈರಿಗೆ 120 ಪಿಎಸ್‌ಐ ಒತ್ತಡದ ಗಾಳಿ ತುಂಬಿದರೆ ಒರಟು ಡಾಂಬರಿನಲ್ಲಿ ಗಾಲಿ ಪುಟಿದು ಹಿಡಿತ ತಪ್ಪುತ್ತದೆ. 65 ಕೆ.ಜಿ. ತೂಕದ ಸವಾರರಿಗೆ 80–85 ಸಾಕು. ತೀರಾ ಕಡಿಮೆಯಾದರೆ ಗುಂಡಿಯಲ್ಲಿ ರಿಮ್ ಟ್ಯೂಬನ್ನು ಚಿವುಟಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಪಂಕ್ಚರಿನಲ್ಲಿ ಒಂದೇ ತೂತಿದ್ದರೆ ಅದು ಬಹುತೇಕ ಜಾಲಿಮುಳ್ಳು. ಶನಿವಾರ ಸಂಜೆ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ಮುರಿದ ಮೊನೆ ಹುಡುಕಿ ಕೀಳಿ. ಇಲ್ಲವಾದರೆ ಹೊಸ ಟ್ಯೂಬ್ ಕೂಡ ಭಾನುವಾರದ ಮೊದಲ ಸುತ್ತಿನಲ್ಲೇ ಕುಸಿಯುತ್ತದೆ.

—ಹವ್ಯಾಸಿ ಸೈಕಲ್ ತಂಡದ ಸದಸ್ಯರು, ವಿಜಯಪುರ