ಲಸಿಕೆ ಪೋಸ್ಟ್ ಹಾಕಿದವರೇ ಉತ್ತರವನ್ನೂ ಕೊಡಲಿ

ಮಾನ್ಯ ಸಂಪಾದಕರೇ,

ಲಸಿಕೆ ಅಭಿಯಾನದ ಪೋಸ್ಟ್ ಬಂದಾಗೆಲ್ಲ ನಾನು ಪೋಸ್ಟರ್‌ಗಿಂತ ಅದರ ಕೆಳಗಿನ ಕಮೆಂಟುಗಳನ್ನೇ ಜಾಸ್ತಿ ಓದುತ್ತೇನೆ. ಬೈಗುಳ, ಪಿತೂರಿಯ ಕಥೆ, ನಗುವ ಎಮೋಜಿ ಎಲ್ಲ ಇರುತ್ತವೆ. ಅವುಗಳ ನಡುವೆ ಸಾದಾ ಪ್ರಶ್ನೆಗಳೂ ಇರುತ್ತವೆ. “ಮಗುವಿಗೆ ನೆಗಡಿ ಇದೆ, ಈಗ ಹಾಕಿಸಬಹುದಾ?” “ಎರಡನೇ ಡೋಸ್ ತಪ್ಪಿಹೋಯ್ತು, ಮತ್ತೆ ಮೊದಲಿಂದ ಶುರು ಮಾಡಬೇಕಾ?” ಸಣ್ಣ ನೆಗಡಿ ಇದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ತಪ್ಪಿದ ಡೋಸನ್ನು ಬಹುತೇಕ ಲಸಿಕೆಗಳಲ್ಲಿ ನಿಂತಲ್ಲಿಂದಲೇ ಮುಂದುವರಿಸಬಹುದು. ಯಾವ ನರ್ಸ್ ಆದರೂ ಒಂದೇ ಸಾಲಿನಲ್ಲಿ ಹೇಳುವ ಮಾತು ಇದು. ಆದರೆ ಪೋಸ್ಟ್ ಹಾಕಿದವರ ಉತ್ತರ ಕಾಣುವುದು ಅಪರೂಪ. ಒಬ್ಬರು ಬಂದು “ಹಾಕಿಸಲೇಬೇಡಿ” ಅಂತ ಹೆದರಿಸುತ್ತಾರೆ, ಇನ್ನೊಬ್ಬರು “ಇಷ್ಟೂ ಗೊತ್ತಿಲ್ವಾ” ಅಂತ ಹಂಗಿಸುತ್ತಾರೆ. ಈ ಇಬ್ಬರಲ್ಲಿ ತಾಳ್ಮೆಯಿಂದ ಮಾತಾಡುವವರು ಹೆದರಿಸುವವರೇ!

ಲಸಿಕೆಯ ಮೇಲಿನ ಅನುಮಾನ ಹಳೆಯದು. ಹಸುವಿಗೆ ಬರುವ ಸಿಡುಬಿನಿಂದ ಮಾಡಿದ ಸಿಡುಬಿನ ಲಸಿಕೆ ಹಾಕಿಸಿಕೊಂಡವರ ಮೈಯಿಂದ ಹಸುಗಳು ಮೂಡಿಬರುವ ವ್ಯಂಗ್ಯಚಿತ್ರ ಲಂಡನ್ನಿನಲ್ಲಿ 1802ರಲ್ಲೇ ಬಂದಿತ್ತು. ಈಗಿನ ತೊಂದರೆ ಏನೆಂದರೆ, ಸುಳ್ಳು ಅಂತ ಗೊತ್ತಾದ ಮೇಲೂ ಅದು ಓಡಾಡುತ್ತಲೇ ಇರುತ್ತದೆ. ದಡಾರ ಲಸಿಕೆಗೂ ಆಟಿಸಂಗೂ (ಮಕ್ಕಳ ಬೆಳವಣಿಗೆಯಲ್ಲಿ ಕಾಣುವ ಒಂದು ತೊಂದರೆ) ನಂಟು ಇರಬಹುದೆಂದು 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನ ಬರೀ 12 ಮಕ್ಕಳ ಮೇಲೆ ನಿಂತಿತ್ತು. 2010ರಲ್ಲಿ ಪತ್ರಿಕೆಯೇ ಅದನ್ನು ಹಿಂಪಡೆಯಿತು. ಡೆನ್ಮಾರ್ಕಿನ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ 2019ರ ಅಧ್ಯಯನದಲ್ಲಿ ಅಂಥ ನಂಟು ಕಾಣಲಿಲ್ಲ. ಇದನ್ನು ಯಾರಾದರೂ ಫಾರ್ವರ್ಡ್ ಮಾಡಿದ್ದು ನೋಡಿದ್ದೀರಾ?

ಅದೇ ಡೆನ್ಮಾರ್ಕಿನಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಬಗ್ಗೆ ಹೆದರಿಕೆ ಹಬ್ಬಿ, ಹಾಕಿಸುವವರ ಸಂಖ್ಯೆ ತೀರಾ ಕುಸಿದಿತ್ತು. 2017ರಲ್ಲಿ ಆರೋಗ್ಯ ಇಲಾಖೆ, ಕ್ಯಾನ್ಸರ್ ಸಂಘ, ವೈದ್ಯರ ಸಂಘ ಸೇರಿ ಫೇಸ್‌ಬುಕ್‌ಗೇ ಇಳಿದರು. ತಾಯಂದಿರ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಕೊಟ್ಟರು. ಲಸಿಕೆ ಹಾಕಿಸುವವರು ಮತ್ತೆ ಹೆಚ್ಚಾದರು. ಅದೊಂದೇ ಕಾರಣ ಅನ್ನಲಾರೆ, ಆದರೆ ದಾರಿ ಸರಿಯಿತ್ತು.

ಕಡು ವಿರೋಧಿಗಳ ಜೊತೆ ವಾದ ಮಾಡಿ ಗೆಲ್ಲಬೇಕಿಲ್ಲ. ದಡಾರ ಹರಡದಂತೆ ತಡೆಯಲು ನೂರರಲ್ಲಿ ಸುಮಾರು 95 ಮಂದಿಗೆ ರಕ್ಷಣೆ ಬೇಕು. ಹಾಗಾಗಿ ಅನುಮಾನದಲ್ಲಿ ನಿಂತವರು ಒಬ್ಬೊಬ್ಬರೂ ಲೆಕ್ಕಕ್ಕೆ ಬರುತ್ತಾರೆ. ಅವರಿಗೆ “ಏನೂ ಆಗಲ್ಲ” ಅಂತ ಸುಮ್ನೆ ಹೇಳಿ ಕಳಿಸಬೇಡಿ. ಕೈ ನೋಯಬಹುದು, ಒಂದೆರಡು ದಿನ ಜ್ವರ ಬರಬಹುದು ಎಂದು ಮೊದಲೇ ಹೇಳಿದರೆ ಜ್ವರ ಬಂದಾಗ ಗಾಬರಿಯಾಗುವುದಿಲ್ಲ. ಹೇಳದೇ ಇದ್ದರೆ ಆ ಜ್ವರವೇ ಮರುದಿನ ಇನ್ನೊಂದು ಪೋಸ್ಟ್ ಆಗುತ್ತದೆ.

ಅಭಿಯಾನ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಪೋಸ್ಟರ್ ಮಾಡಿಸುವ ಖರ್ಚಿನಲ್ಲಿ ಸ್ವಲ್ಪ ಉಳಿಸಿ. ಕಮೆಂಟುಗಳಿಗೆ ಉತ್ತರಿಸಲು ತಿಳಿದ ಒಬ್ಬ ಆರೋಗ್ಯ ಕಾರ್ಯಕರ್ತರನ್ನು ಕೂರಿಸಿ. ಪದೇ ಪದೇ ಬರುವ ಪ್ರಶ್ನೆಗಳ ಉತ್ತರವನ್ನು ಎಲ್ಲಕ್ಕಿಂತ ಮೇಲೆ ಪಿನ್ ಮಾಡಿಡಿ.

ಇಂತಿ,
ನಿಮ್ಮ ಓದುಗ