ನಮ್ಮ ಮಹಡಿಯ ವಸ್ತುಸಂಗ್ರಹಾಲಯವನ್ನು ಸದ್ಯ ತೆರೆಯದಿರುವ ಬಗ್ಗೆ

ಮಾನ್ಯ ಗ್ರಾಹಕರೇ,

ನಾಟಕಕ್ಕೂ ಚಿತ್ರೀಕರಣಕ್ಕೂ ಬೇಕಾದ ವೇಷಭೂಷಣ, ಪರಿಕರಗಳನ್ನು ಉಡುಪಿಯ ನಮ್ಮ ಸಹಕಾರಿ ಮಳಿಗೆಯಿಂದ ಬಾಡಿಗೆಗೆ ಒಯ್ಯುತ್ತಿರುವ ತಮಗೆ, ಮಳೆಗಾಲ ಮುಗಿದೊಡನೆ ಮಹಡಿಯಲ್ಲಿ ಪುಟ್ಟ ವಸ್ತುಸಂಗ್ರಹಾಲಯವೊಂದನ್ನು ತೆರೆಯುವುದಾಗಿ ತಿಳಿಸಿದ್ದೆವು. ಕರಾವಳಿಯ ದಿವಂಗತ ಕಾದಂಬರಿಕಾರರೊಬ್ಬರ ಕೃತಿಯನ್ನು ಆಧರಿಸಿದ ಚಲನಚಿತ್ರಕ್ಕೆಂದು ನಮ್ಮ ಕುಶಲಕರ್ಮಿಗಳು ಮಾಡಿಕೊಟ್ಟ, ಚಿತ್ರೀಕರಣದ ನಂತರ ನಿರ್ಮಾಪಕರಿಂದ ನಾವೇ ಕ್ರಯಕ್ಕೆ ಪಡೆದ ಸಾಮಾನುಗಳನ್ನು ಅಲ್ಲಿ ಇಡುವವರಿದ್ದೆವು. ಆ ಲೇಖಕರ ವಾರಸುದಾರರ ಲಿಖಿತ ಒಪ್ಪಿಗೆ ದೊರೆಯುವ ತನಕ ಕೋಣೆಯನ್ನು ತೆರೆಯುವುದಿಲ್ಲ, ಆ ಸಾಮಾನುಗಳನ್ನು ಬಾಡಿಗೆಗೂ ಕೊಡುವುದಿಲ್ಲ ಎಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಮುಂಗಡ ಕೊಟ್ಟವರಿಗೆ ರಸೀದಿ ತೋರಿಸಿದಾಗ ಪೂರ್ತಿ ಹಣ ಹಿಂದಿರುಗಿಸುತ್ತೇವೆ.

ಸಾಮಾನು ನಿಮ್ಮದೇ ಆಗಿರುವಾಗ ಇನ್ನೊಬ್ಬರ ಒಪ್ಪಿಗೆ ಏಕೆಂದು ಕೆಲವರು ಕೇಳಿದ್ದಾರೆ. ಧಾನ್ಯ ತುಂಬಿಡುವ ಮರದ ದೊಡ್ಡ ಪೆಟ್ಟಿಗೆಯಾದ ಪತ್ತಾಯ ನಮ್ಮದು, ಅದರ ಸುತ್ತಲಿನ ಕತೆ ನಮ್ಮದಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿದಿರುತ್ತದೆ. ಹಕ್ಕನ್ನು ಬೇರೆಯವರಿಗೆ ವಹಿಸುವಾಗ ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ ಎಂಬುದನ್ನು ಬರೆದಿಡಬೇಕು. ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತವೆಂದೂ ಭಾವಿಸಲಾಗುತ್ತದೆ. ನಿರ್ಮಾಪಕರ ಬಳಿಯಿರುವ ಕರಾರಿನಲ್ಲಿ ಚಿತ್ರವನ್ನು ತಯಾರಿಸಿ ತೋರಿಸುವ ಮಾತು ಮಾತ್ರ ಇದೆ. ಕಾದಂಬರಿಯ ಹಾಗೂ ಪಾತ್ರಗಳ ಹೆಸರು ಹಾಕಿ, ಟಿಕೆಟು ಇಟ್ಟು ಜನರನ್ನು ಕರೆಯುವುದು ಅದರೊಳಗೆ ಬರುತ್ತದೆಯೇ ಎಂಬುದು ವಕೀಲರ ಚರ್ಚೆಯ ವಿಷಯ. ಕೇಳದೆ ತೆರೆಯುವುದು ಸರಿಯಲ್ಲವೆಂಬ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ.

ದೂರದ ಒಂದು ಉದಾಹರಣೆ ನಮ್ಮ ಮುಂದಿತ್ತು. ಇಂಗ್ಲೆಂಡಿನ ಲೇಖಕ ಟೋಲ್ಕಿನ್ ತಮ್ಮ ನಿಧನಕ್ಕೆ ನಾಲ್ಕು ವರ್ಷ ಮೊದಲು, 1969ರಲ್ಲಿ, ‘ಲಾರ್ಡ್ ಆಫ್ ದ ರಿಂಗ್ಸ್’ ಕೃತಿಯ ಚಲನಚಿತ್ರದ ಹಕ್ಕನ್ನು ಮಾರಿದ್ದರು. 2001ರಿಂದ 2003ರವರೆಗೆ ತೆರೆಕಂಡ ಮೂರು ಚಿತ್ರಗಳಿಗಾಗಿ ನ್ಯೂಜಿಲೆಂಡಿನ ಕುಶಲಕರ್ಮಿಗಳು ಮಾಡಿದ ಕತ್ತಿ, ಕವಚಗಳನ್ನು ಜನ ಇಂದಿಗೂ ಬೆರಗಿನಿಂದ ನೋಡುತ್ತಾರೆ. ಆದರೆ ತಂದೆಯ ಹಸ್ತಪ್ರತಿಗಳನ್ನು ದಶಕಗಳ ಕಾಲ ಸಂಪಾದಿಸಿದ ಮಗ ಕ್ರಿಸ್ಟೋಫರ್ ಅವರಿಗೆ ಆ ಚಿತ್ರಗಳು ಒಪ್ಪಿಗೆಯಾಗಿರಲಿಲ್ಲ. ಅದನ್ನು ಅವರು 2012ರಲ್ಲಿ ಬಹಿರಂಗವಾಗಿಯೇ ಹೇಳಿದರು. ಮಾಡಿದವರ ಹೆಮ್ಮೆಯನ್ನು ಬಲ್ಲ ನಮಗೆ ಆ ಮಗನ ನೋವೂ ಅರ್ಥವಾಗುತ್ತದೆ.

ಹಾಗಿದ್ದರೂ ವಾರಸುದಾರರು ಒಪ್ಪಿಗೆ ಕೊಡಬೇಕೆಂದೇ ನಮ್ಮ ವಿನಂತಿ. ಚಿತ್ರೀಕರಣದ ಸಾಮಾನು ಬಾಳಿಕೆಗೆಂದು ಮಾಡಿದ್ದಲ್ಲ. ಕಲ್ಲಿನಂತೆ ಕಾಣುವ ಒರಳು ಥರ್ಮಾಕೋಲಿನದು, ಹಳೆಯ ಮರದಂತೆ ಕಾಣುವ ಕಂಬ ಬಣ್ಣ ಬಳಿದ ಪ್ಲೈವುಡ್ಡಿನದು. ನಮ್ಮ ಊರಿನ ಮಳೆ, ಉಪ್ಪುಗಾಳಿ, ಗೆದ್ದಲುಗಳ ನಡುವೆ ಗೋದಾಮಿನ ಮೂಲೆಯಲ್ಲಿ ಬಿದ್ದರೆ ಇವು ಹೆಚ್ಚು ಕಾಲ ಉಳಿಯುವುದಿಲ್ಲ. ಇವುಗಳ ಜೊತೆಗೆ, ಕೋಟ, ಬ್ರಹ್ಮಾವರ ಕಡೆಯ ಹಳೆಯ ಮನೆಗಳಿಗೆ ಹೋಗಿ ಅಳತೆ ತೆಗೆದು ಮಾಡಿದ ನಿಜವಾದ ಮರದ ಪತ್ತಾಯ, ಕಳಸೆಗಳೂ ಇವೆ, ಅಡಿಕೆ ಹಾಳೆಯ ಟೋಪಿಗಳಾದ ಮುಟ್ಟಾಳೆಗಳಿವೆ. ಕಳಸೆಯಲ್ಲಿ ಅಕ್ಕಿ ಅಳೆಯುವುದನ್ನು ಕಂಡಿರದ ಮಕ್ಕಳಿಗೆ, ಕಾದಂಬರಿಯನ್ನು ಓದುವಾಗ ಇವು ನೆರವಾಗುತ್ತವೆ.

ಒಮ್ಮೆ ಇದನ್ನು ನೋಡಿದವರು ತಮ್ಮ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮನೆಯನ್ನು ಮರೆತುಬಿಡುತ್ತಾರೆ ಎಂಬುದು ನಮ್ಮ ಕಾದಂಬರಿಕಾರರ ಕುಟುಂಬದ ಹಿರಿಯರ ಆತಂಕ. ಅದಕ್ಕೆ ಪೂರ್ಣ ಪರಿಹಾರ ನಮ್ಮಲ್ಲಿಲ್ಲ. ಆದರೂ ಪ್ರತಿ ವಸ್ತುವಿನ ಕೆಳಗೆ ಅದು ಚಿತ್ರಕ್ಕಾಗಿ ಮಾಡಿದ್ದೆಂದು, ಮಾಡಿದವರ ಹೆಸರಿನೊಂದಿಗೆ ಬರೆಯುತ್ತೇವೆ; ಲೇಖಕರ ಸ್ವಂತ ವಸ್ತುಗಳೊಡನೆ ಇವನ್ನು ಬೆರೆಸುವುದಿಲ್ಲ; ಪಾತ್ರಗಳ ಹೆಸರಿನ ಆಟಿಕೆ, ಬಟ್ಟೆ ಮಾರುವುದಿಲ್ಲ; ಒಪ್ಪಿಗೆ ಮೂರು ವರ್ಷಕ್ಕೆ ಮಾತ್ರ ಸಾಕು ಎಂದು ಅವರಿಗೆ ಬರೆದುಕೊಟ್ಟಿದ್ದೇವೆ. ಅವರು ಬೇಡವೆಂದರೆ ಸಾಮಾನುಗಳನ್ನು ಕೆಡದಂತೆ ಕಾಯ್ದಿಡುತ್ತೇವೆ, ಪ್ರದರ್ಶಿಸುವುದಿಲ್ಲ.

ಉಳಿದ ಬಾಡಿಗೆ ವ್ಯವಹಾರ ಎಂದಿನಂತೆ ನಡೆಯುತ್ತದೆ. ನಾಟಕಕ್ಕೆ ಪತ್ತಾಯ ಬೇಕಾದವರು ಕೆಳಗಿನ ಗೋದಾಮಿನಲ್ಲಿರುವ ಇನ್ನೊಂದನ್ನು ಒಯ್ಯಬಹುದು.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಆಡಳಿತ ಮಂಡಳಿಯ ಪರವಾಗಿ
ಉಡುಪಿ